ಸಮುದ್ರಕ್ಕೆ ಹೊರಟು ಉಳವಿ ಮುಟ್ಟಿದ್ದು

ಹಳಿಯಾಳದ ಪೇಟೆಯಲ್ಲಿ ಸಮುದ್ರದ ಬಗ್ಗೆ ಅಧಿಕಾರದಿಂದ ಮಾತನಾಡಬಲ್ಲವನು ನಾನೊಬ್ಬನೇ ಎಂದು ಬಹುಕಾಲ ನಂಬಿಕೊಂಡಿದ್ದೆ. ಕಾಲೇಜಿನಲ್ಲಿದ್ದಾಗ ಕಬಡ್ಡಿ ತಂಡದ ಜೊತೆ ಕಾರವಾರಕ್ಕೆ ಹೋಗಿ, ಮೊದಲ ಪಂದ್ಯದಲ್ಲೇ ಸೋತು, ಉಳಿದ ಅರ್ಧ ದಿನ ದಂಡೆಯ ಮೇಲೆ ಕೂತು ಬಂದಿದ್ದೆ. ಆ ಅರ್ಧ ದಿನದ ಬಂಡವಾಳದಲ್ಲಿ ಅರ್ಧ ಆಯುಷ್ಯ ಮಾತಾಡಿದ್ದೇನೆ. ನನ್ನ ಬೀಜ-ಗೊಬ್ಬರದ ಅಂಗಡಿಗೆ ಬಂದ ರೈತ ಯೂರಿಯಾ ಕೇಳಿದರೂ ಮಾತು ಹೇಗೋ ತೆರೆಗಳ ಎತ್ತರಕ್ಕೆ ಹೋಗಿ ನಿಲ್ಲುತ್ತಿತ್ತು.

ಈ ಎಲ್ಲ ವರ್ಣನೆಗಳನ್ನು ಅತಿ ಹೆಚ್ಚು ಕೇಳಿದವಳು ನನ್ನ ಹೆಂಡತಿ ಮಹಾದೇವಿ. ಅವಳು ತೇರಗಾಂವದವಳು, ಸಮುದ್ರ ಕಂಡವಳಲ್ಲ. ದಾಂಡೇಲಿಯಲ್ಲಿ ಕಾಳಿ ಹೊಳೆಯ ಸೇತುವೆ ದಾಟುವಾಗಲೆಲ್ಲ ಕಿಟಕಿಯಿಂದ ಇಣುಕಿ, ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಿದ್ದಳು. ಕಾರವಾರದ ಹತ್ತಿರ ಸಮುದ್ರ ಸೇರುತ್ತದೆ ಎನ್ನುತ್ತಿದ್ದೆ. ಹಾಗಾದರೆ ನಾವು ಯಾವಾಗ ಹೋಗುವುದು ಎಂದು ಕೇಳುತ್ತಿದ್ದಳು. ಸೀಸನ್ ಮುಗಿಯಲಿ ಎನ್ನುತ್ತಿದ್ದೆ. ಭತ್ತದ ಸೀಸನ್ ಮುಗಿದರೆ ಗೋವಿನಜೋಳ, ಅದು ಮುಗಿದರೆ ಕಬ್ಬು. ನೀರು ಹೋಗುತ್ತಲೇ ಇತ್ತು, ನಾವು ಹೋಗಲಿಲ್ಲ. ಒಮ್ಮೆ ಮಾತ್ರ ಅವಳು, ಮೊದಲ ಸಲ ನೋಡುವಾಗ ನೀವು ಪಕ್ಕದಲ್ಲಿರಬೇಕು, ನನಗೆ ಅಷ್ಟು ನೀರು ಕಂಡರೆ ಅಂಜಿಕೆ ಎಂದಿದ್ದಳು. ಪಕ್ಕದಲ್ಲೇ ಇರುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಈ ಸಲ ನನ್ನ ತಮ್ಮ, ಅಂಗಡಿ ತಾನು ನೋಡಿಕೊಳ್ಳುತ್ತೇನೆಂದ. ಧಾರವಾಡದಲ್ಲಿ ಪ್ರವಾಸ ಏರ್ಪಡಿಸುವವರೊಬ್ಬರು 'ಅವಸರವಿಲ್ಲದ ಕರಾವಳಿ ಪ್ರವಾಸ' ಎಂದು ಹೊರಡಿಸಿದ್ದರು. ಕಾರವಾರ, ಗೋಕರ್ಣ, ಹೊನ್ನಾವರ, ಮುರ್ಡೇಶ್ವರ. ಎಲ್ಲಿ ಬೇಕೋ ಅಲ್ಲಿ ನಿಲ್ಲುವುದು, ಎಷ್ಟು ಬೇಕೋ ಅಷ್ಟು ನೋಡುವುದು. ಜೊತೆಗೆ ಎಲ್ಲವನ್ನೂ ವಿವರಿಸಲು ದಿನಕರ ಎಂಬ ಕಾರವಾರದ ಗೈಡ್. ನಮಗೆ ಗೈಡ್ ಏಕೆ, ನಾನಿಲ್ಲವೇ ಎಂದು ನನಗೆ ಅನ್ನಿಸಿದ್ದು ನಿಜ.

ಬೆಳಿಗ್ಗೆ ದಾಂಡೇಲಿಯಿಂದ ಬಿಳಿಯ ಮಿನಿಬಸ್ ಹೊರಟಿತು. ಮುಂಡಗೋಡದ ಇಬ್ಬರು ಅಕ್ಕತಂಗಿಯರು, ದಾಂಡೇಲಿಯ ಕೆಲವು ನಿವೃತ್ತರು, ನಾವು. ದಿನಕರ ಎದ್ದು ನಿಂತು ಮೃದುವಾದ ದನಿಯಲ್ಲಿ ಸಮುದ್ರದ ಬಗ್ಗೆ ಎರಡು ಮಾತು ಆರಂಭಿಸಿದ. ಮೂರನೆಯ ಮಾತು ನಾನಾಡಿದೆ. ನಾಲ್ಕನೆಯದೂ ನನ್ನದೇ. ಜೋಯಿಡಾ ಬರುವ ಹೊತ್ತಿಗೆ ದಿನಕರ ಕೂತುಬಿಟ್ಟಿದ್ದ, ನಾನು ನಿಂತಿದ್ದೆ. ಆಗ ಮಹಾದೇವಿ, ಎಲ್ಲರಿಗೂ ಕೇಳುವಂತೆಯೇ ಹೇಳಿದಳು:

"ಆ ಮನಷ್ಯಾಗೂ ಸ್ವಲ್ಪ ಮಾತಾಡಾಕ ಬಿಡ್ರಿ. ಅವ್ರು ಅಲ್ಲೇ ಹುಟ್ಟಿ ಬೆಳದಾರ."

ಮುಂಡಗೋಡದ ಅಕ್ಕತಂಗಿಯರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಗಂಭೀರವಾಗಿ ಬ್ಯಾಗೆತ್ತಿಕೊಂಡು ಕೊನೆಯ ಸೀಟಿಗೆ ಹೋದೆ. ಸಮುದ್ರ ಬರುವವರೆಗೆ ಯಾರೂ ನನ್ನನ್ನು ಎಬ್ಬಿಸಬಾರದು, ಊಟಕ್ಕೂ ಎಬ್ಬಿಸಬಾರದು ಎಂದು ಇಡೀ ಬಸ್ಸಿಗೆ ಆಜ್ಞೆ ಹೊರಡಿಸಿದೆ. ಮುಂದೆ ಅಣಶಿ ಘಟ್ಟ. ತಿರುವುಗಳಲ್ಲಿ ನನಗೆ ಹೊಟ್ಟೆ ತೊಳಸುತ್ತದೆ. ಔಷಧಿ ಅಂಗಡಿಯವನು ಒಂದೇ ಗುಳಿಗೆ ಸಾಕು ಎಂದಿದ್ದ. ಇಳಿಯುವುದಕ್ಕೆ ಒಂದು, ಮೂರು ದಿನದ ಮೇಲೆ ಹತ್ತುವುದಕ್ಕೆ ಒಂದು ಎಂದು ಲೆಕ್ಕ ಹಾಕಿ ಎರಡನ್ನೂ ಆಗಲೇ ನುಂಗಿದೆ.

ಕುಂಬಾರವಾಡದಲ್ಲಿ ಚಹಾಕ್ಕೆ ನಿಲ್ಲಿಸಿದರು. ಅಲ್ಲಿಂದ ಒಂದು ದಾರಿ ಘಟ್ಟ ಇಳಿದು ಕಾರವಾರಕ್ಕೆ, ಇನ್ನೊಂದು ಉಳವಿಗೆ. ಕೊನೆಯ ಸೀಟಿನಲ್ಲಿ ಎಲ್ಲರ ಬ್ಯಾಗುಗಳನ್ನೂ ಒಟ್ಟಿದ್ದರು. ಜಾಗ ಹೋಗದಿರಲೆಂದು ಅವುಗಳ ಮೇಲೆ ನನ್ನ ಶಾಲು ಹೊದಿಸಿ ಇಳಿದೆ. ಎಲ್ಲರೂ ಚಹಾ ಕುಡಿಯುತ್ತಿದ್ದರು. ನಾನು ಯಾರ ಜೊತೆಗೂ ಮಾತಾಡದೆ ಮರಗಳ ಮರೆಗೆ ಹೋಗಿ ಬಂದೆ. ಆ ಹೊತ್ತಿಗೆ ಗುಳಿಗೆಗಳು ತಮ್ಮ ಕೆಲಸ ಶುರು ಮಾಡಿದ್ದವು. ಕಣ್ಣು ಎಳೆಯುತ್ತಿತ್ತು. ಬಿಳಿ ಮಿನಿಬಸ್ ಕಂಡಿತು, ಹತ್ತಿದೆ. ಶಾಲು ಕಾಣಲಿಲ್ಲ. ಮಹಾದೇವಿ ಸಿಟ್ಟಿನಿಂದ ಒಯ್ದಿರಬೇಕು ಎಂದುಕೊಂಡು, ಕಿಟಕಿಯ ಪರದೆಯನ್ನೇ ಮುಖಕ್ಕೆ ಎಳೆದುಕೊಂಡು ಮಲಗಿಬಿಟ್ಟೆ.

ಬಿಳಿ ಮಿನಿಬಸ್ಸುಗಳು ಅಲ್ಲಿ ಎರಡಿದ್ದವು.

ಎಚ್ಚರವಾದಾಗ ಬಸ್ಸು ನಿಂತಿತ್ತು. ಎದುರಿಗೆ ಒಬ್ಬ ಅಪರಿಚಿತ ಅಜ್ಜಿ ನನ್ನ ಭುಜ ತಟ್ಟುತ್ತಿದ್ದಳು. ಕಿಟಕಿಯಿಂದ ನೋಡಿದರೆ ದೇವಸ್ಥಾನ. ಕಾರವಾರದವರು ನಮ್ಮ ಉಳವಿ ಚನ್ನಬಸವಣ್ಣನ ಗುಡಿಯಂಥದ್ದೇ ಒಂದನ್ನು ತದ್ವತ್ತಾಗಿ ಕಟ್ಟಿಕೊಂಡಿದ್ದಾರಲ್ಲ ಎಂದು ನಾನು ಮನಸಾರೆ ಮೆಚ್ಚಿದೆ. ಮುಂದಿನ ಅಂಗಡಿ ಸಾಲನ್ನೂ ಹಾಗೆಯೇ ಮಾಡಿದ್ದರು. ಸಮುದ್ರ ಎಲ್ಲಿದೆ ಎಂದು ಅಜ್ಜಿಯನ್ನು ಕೇಳಿದೆ. ಅವಳು ನನ್ನನ್ನು ಬಹಳ ಕನಿಕರದಿಂದ ನೋಡಿದಳು.

"ಸಮುದ್ರ ಮನೆ ಹಿಂದೇ ಅದೆ, ತಮಾ. ನಾವು ಅಲ್ಲಿಂದೇ ಬಂದದ್ದಲ್ವಾ?"

ಕೆಳಗಿಳಿದೆ. ತೆಂಗಿನಕಾಯಿ ಅಂಗಡಿಯ ಶಿವಪ್ಪ ನನ್ನನ್ನು ಕಂಡು ಕೈಮುಗಿದ. ವಾರದ ಹಿಂದೆ ನನ್ನ ಅಂಗಡಿಗೆ ಬಂದು, ಸಮುದ್ರದ ವಿಷಯ ಕೂತು ಕೇಳಿಸಿಕೊಂಡು ಹೋದವನು. ಕಾರವಾರಕ್ಕೆ ಹೋಗುತ್ತೇನೆ ಎಂದಿದ್ದಿರಲ್ಲ ಎಂದು ಕೇಳಿದ. ಪ್ರೋಗ್ರಾಂ ಬದಲಾಯಿತು ಎಂದೆ. ನಾನಿರುವುದು ಉಳವಿ ಎಂಬುದು ಆಗ ಖಚಿತವಾಯಿತು. ಮಹಾದೇವಿ ಘಟ್ಟ ಇಳಿಯುತ್ತಿದ್ದಾಳೆ. ನನ್ನ ಫೋನು ಅವಳ ಕೈಚೀಲದಲ್ಲಿದೆ.

ನಿಜ ಹೇಳಿಬಿಡಬೇಕಿತ್ತು. ಆದರೆ ಅಷ್ಟರಲ್ಲಿ ನನಗೆ ಆಗುತ್ತಿದ್ದ ಉಪಚಾರ ನೋಡಿ ಬಾಯಿ ಕಟ್ಟಿತು. ಒಬ್ಬರು ನನಗೆ ಹಣ್ಣು ಕೊಟ್ಟರು, ಇನ್ನೊಬ್ಬರು ನೀರು ತಂದರು, ಮತ್ತೊಬ್ಬರು ಬಿಸಿಲು ಬೀಳದ ಕಡೆ ಕೂಡಿಸಿದರು. ಇದೇಕೆಂದು ಮೆಲ್ಲಗೆ ತಿಳಿಯಿತು. ಬಸ್ಸಿನಲ್ಲಿದ್ದವರು ಹೊಸ ಬೀಗರು. ಹುಡುಗಿಯ ಮನೆಯವರು ಅಂಕೋಲೆಯ ಕಡೆಯವರು, ಹುಡುಗನ ಮನೆಯವರು ಕಾರವಾರದವರು. ಮದುವೆಯಾದ ಮೇಲೆ ಎರಡೂ ಮನೆಯವರು ಸೇರಿ ಉಳವಿ ನೋಡಲು ಬಂದಿದ್ದರು. ಕೊನೆಯ ಸೀಟಿನಲ್ಲಿ ಮಲಗಿದ ಹಿರಿಯರನ್ನು ಕಂಡು ಹುಡುಗಿಯವರು, ಇವರು ಹುಡುಗನ ಕಡೆಯವರು ಎಂದುಕೊಂಡಿದ್ದರು. ಹುಡುಗನವರು, ಇವರು ಹುಡುಗಿಯ ಕಡೆಯವರು ಎಂದುಕೊಂಡಿದ್ದರು. ಕೇಳಿದರೆ ಬೀಗರಿಗೆ ಅವಮಾನವಾದೀತೆಂದು ಯಾರೂ ಕೇಳಿರಲಿಲ್ಲ.

ಇಂಥ ಮರ್ಯಾದೆ ನನ್ನ ಸ್ವಂತ ಬೀಗರ ಮನೆಯಲ್ಲೂ ಸಿಕ್ಕಿರಲಿಲ್ಲ. ದಾಸೋಹದಲ್ಲಿ ಊಟವಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಊಟದ ಸಾಲಿನಲ್ಲಿ ಹುಡುಗಿಯ ತಂದೆ ದಾಮೋದರ ನನ್ನನ್ನು ಪಕ್ಕಕ್ಕೆ ಕರೆದ. ನನ್ನ ಮಾತು ಘಟ್ಟದ ಮೇಲಿನದು. ಹುಡುಗನ ಕಡೆಯವರೊಬ್ಬರು ಹುಬ್ಬಳ್ಳಿಯಲ್ಲಿದ್ದಾರೆಂದು ಅವನು ಕೇಳಿದ್ದನಂತೆ. ಅವರೇ ನಾನು, ಹುಡುಗನ ದೊಡ್ಡಪ್ಪನೇ ಇರಬೇಕು ಎಂದು ತೀರ್ಮಾನಿಸಿದ್ದ. ಅವನ ಕಣ್ಣಲ್ಲಿ ನೀರಿತ್ತು. ಮಗಳನ್ನು ಓದಿಸಿದೆವು, ಕೆಲಸಕ್ಕೆ ಸೇರಿಸಿದೆವು, ಆದರೆ ಅವಳಿಗೆ ಅನ್ನಕ್ಕೆ ನೀರೆಷ್ಟು ಎಂಬುದೂ ಗೊತ್ತಿಲ್ಲ, ಇದನ್ನು ಬೀಗರಿಗೆ ಹೇಳುವ ಧೈರ್ಯ ತನಗಾಗಲಿಲ್ಲ, ನಾಳೆ ಆ ಮನೆಯಲ್ಲಿ ಅವಳು ಮಾತು ಕೇಳಬೇಕಾದೀತು ಎಂದ. ಹಿರಿಯರಾದ ನೀವೇ ನಿಮ್ಮವರಿಗೆ ಒಂದು ಮಾತು ಹೇಳಬೇಕು ಎಂದು ನನ್ನ ಕೈ ಹಿಡಿದುಕೊಂಡ.

ಹೆಣ್ಣು ಹೆತ್ತ ತಂದೆ ಕೈ ಹಿಡಿದಾಗ ನಾನು ನಿಮ್ಮ ಬೀಗನಲ್ಲ ಎನ್ನುವುದು ಹೇಗೆ? ನಾನು ಅವನ ಕೈಮೇಲೆ ಕೈಯಿಟ್ಟೆ.

"ಹುಡುಗಿ ನಮ್ಮ ಮನಿಗೆ ಬಂದ ಮ್ಯಾಲ ಅದು ನಮ್ಮ ಜವಾಬ್ದಾರಿ. ನೀವು ಚಿಂತಿ ಮಾಡಬ್ಯಾಡ್ರಿ. ನಾ ಮಾತು ಕೊಡ್ತೇನಿ."

ಯಾರದೋ ಮಗಳಿಗೆ, ಯಾರದೋ ಮನೆಯ ಪರವಾಗಿ, ಯಾರೂ ಅಲ್ಲದ ನಾನು ಮಾತು ಕೊಟ್ಟೆ. ಕೊಟ್ಟ ಮೇಲೆ ಹೊಟ್ಟೆ ತುಂಬ ಉಂಡೆ.

ಕೈ ತೊಳೆಯುವಲ್ಲಿ ಅನಾಹುತವಾಯಿತು. ದಾಮೋದರ ಹುಡುಗನ ತಂದೆ ವಸಂತನ ಎದುರು ಕೈಜೋಡಿಸಿ, ನಿಮ್ಮ ಅಣ್ಣನವರು ಮಾತು ಕೊಟ್ಟರು, ನನ್ನ ಎದೆಯ ಭಾರ ಇಳಿಯಿತು ಎಂದ.

"ಯಾವ ಅಣ್ಣ?" ಎಂದ ವಸಂತ.

ಎರಡೂ ಮನೆಯವರು ಒಟ್ಟಿಗೆ ನನ್ನತ್ತ ತಿರುಗಿದರು. ಹೊಸ ಮದುಮಕ್ಕಳೂ ತಿರುಗಿದರು. ನಾನು ಒದ್ದೆ ಕೈಯಲ್ಲೇ ನಿಂತು, ನನ್ನ ಹೆಸರು, ಊರು, ಗುಳಿಗೆ, ಶಾಲು, ಹೆಂಡತಿ, ಸಮುದ್ರ, ಹುಡುಗಿಯ ಅನ್ನದ ವಿಷಯದಲ್ಲಿ ಕೊಟ್ಟ ಮಾತು ಎಲ್ಲವನ್ನೂ ಹೇಳಿದೆ. ಮೊದಲು ನಕ್ಕವಳು ಅಜ್ಜಿ. ಆಮೇಲೆ ಎಲ್ಲರೂ ನಕ್ಕರು. ದಾಮೋದರ ಮಾತ್ರ ನಗಲಿಲ್ಲ, ಅವನ ಗುಟ್ಟು ಬಯಲಾಗಿತ್ತು. ಆಗ ವಸಂತನ ಹೆಂಡತಿ, ಅನ್ನ ಮಾಡಲು ತನ್ನ ಮಗನಿಗೂ ಬರುವುದಿಲ್ಲ, ಇಬ್ಬರೂ ಒಟ್ಟಿಗೆ ಕಲಿಯಲಿ ಎಂದಳು. ದಾಮೋದರ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ವಸಂತ ನನಗೆ ಫೋನು ಕೊಟ್ಟ. ಉಳವಿಯಲ್ಲಿ ಸಿಗ್ನಲ್ ಹುಡುಕಿಕೊಂಡು ಹೋಗಿ ಒಂದು ಕಟ್ಟೆ ಹತ್ತಿ ನಿಂತೆ. ನನಗೆ ಬಾಯಿಪಾಠವಿದ್ದದ್ದು ನನ್ನದೇ ನಂಬರು. ಅದಕ್ಕೇ ಹಚ್ಚಿದೆ. ಎತ್ತಲಿಲ್ಲ. ಎತ್ತುವುದೂ ಇಲ್ಲ, ಏಕೆಂದರೆ ಗುರುತಿಲ್ಲದ ನಂಬರು ಎತ್ತಬೇಡ, ಎತ್ತಿದರೂ ನಂಬಬೇಡ, ಮೋಸಗಾರರು ಮನೆಯವರ ದನಿಯಲ್ಲೇ ಮಾತಾಡುತ್ತಾರೆ ಎಂದು ಅವಳಿಗೆ ಪಾಠ ಹೇಳಿದವನು ನಾನೇ. ಮತ್ತೆ ಮತ್ತೆ ಹಚ್ಚಿದೆ. ಕೊನೆಗೆ ಎತ್ತಿದಳು.

"ಯಾರ್ರಿ?"

"ನಾ ಮಾತಾಡಾಕತ್ತೇನಿ."

"ನಾ ಅಂದ್ರ ಯಾರು?"

"ನಿನ್ನ ಗಂಡ."

ಅವಳ ದನಿ ಗಟ್ಟಿಯಾಯಿತು.

"ನನ್ನ ಗಂಡ ಹಿಂದಿನ ಸೀಟಿನ್ಯಾಗ ಮಲಗ್ಯಾರ. ಅವ್ರು ನನಗ ಎಲ್ಲಾ ಹೇಳಿಕೊಟ್ಟಾರ. ಓಟಿಪಿ ಗೀಟಿಪಿ ಏನೂ ಸಿಗೂದಿಲ್ಲ. ಫೋನ್ ಇಡು."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನಗೆ ಏಕವಚನ ಆಡಿದ್ದು ಅದೇ ಮೊದಲು. ನನ್ನ ಪಾಠ ಇಷ್ಟು ಚೆನ್ನಾಗಿ ತಲೆಗೆ ಹತ್ತಿದ್ದೂ ಅದೇ ಮೊದಲು.

ನನ್ನ ಹಿಂದೆಯೇ ಬಂದಿದ್ದ ಅಜ್ಜಿ ಫೋನು ಇಸಿದುಕೊಂಡು ತಾನೇ ಹಚ್ಚಿದಳು. ಹೆಂಗಸಿನ ದನಿ ಕೇಳಿ ಮಹಾದೇವಿ ಮತ್ತೆ ಕತ್ತರಿಸಲಿಲ್ಲ. ಒಮ್ಮೆ ಹಿಂದೆ ಹೋಗಿ ಆ ಶಾಲು ಎತ್ತಿ ನೋಡು ಎಂದಳು ಅಜ್ಜಿ. ಮಹಾದೇವಿ ಹೋಗಿ ಶಾಲು ಎತ್ತಿದಳು. ಘಟ್ಟದ ಕೆಳಗಿನ ಕದ್ರಾದಲ್ಲಿ ಎಲ್ಲರೂ ಊಟಕ್ಕಿಳಿದಾಗ ಅವಳು, ಸಿಟ್ಟಿನಲ್ಲಿದ್ದರೂ, ರೊಟ್ಟಿಯ ಬುತ್ತಿಯನ್ನು ಆ ಶಾಲಿನ ಪಕ್ಕ ಇಟ್ಟು ಹೋಗಿದ್ದಳಂತೆ. ಬ್ಯಾಗುಗಳು ಉಂಡಿರಲಿಲ್ಲ. ಫೋನು ನನ್ನ ಕೈಗೆ ಬಂದಾಗ ಅವಳ ದನಿಯಲ್ಲಿ ಜೋರಿರಲಿಲ್ಲ.

"ಎಲ್ಲಿದ್ದೀರಿ?"

"ಉಳವಿಯೊಳಗ."

"ಉಳವಿಗ್ಯಾಕ ಹೋದ್ರಿ?"

ಬೇರೆ ಬಿಳಿ ಬಸ್ಸು ಹತ್ತಿಬಿಟ್ಟೆ ಎಂದೆ. ಅವಳು ಉಸಿರೆಳೆದುಕೊಂಡು, ಊಟವಾಯಿತೇ ಎಂದು ಕೇಳಿದಳು. ಆಯಿತು ಎಂದೆ. ತಾನು ಅಲ್ಲೇ ಇಳಿದು ತಿರುಗಿ ಬರುತ್ತೇನೆ, ಸಮುದ್ರ ಬೇಡ ಎಂದಳು. ಆ ಸೀಸನ್ನುಗಳೆಲ್ಲ ಆಗ ನನ್ನ ಕಣ್ಣ ಮುಂದೆ ಬಂದವು.

"ಬ್ಯಾಡ. ನೀ ನೋಡು. ಇವ್ರು ಸಂಜಿಗೆ ಕಾರವಾರಕ್ಕ ಹೊಂಟಾರ, ನಾ ಇವ್ರ ಗಾಡ್ಯಾಗ ಬರ್ತೇನಿ."

ಅವಳು ಹ್ಞೂಂ ಎನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು.

ಬೀಗರ ಬಸ್ಸು ನನ್ನನ್ನು ಕಾರವಾರದ ದಂಡೆಯ ಹತ್ತಿರ ಇಳಿಸಿದಾಗ ಹೊತ್ತು ಮುಳುಗಿಯಾಗಿತ್ತು. ಎರಡೂ ಮನೆಯವರು ಇಳಿದು ನನ್ನನ್ನು ಬೀಳ್ಕೊಟ್ಟರು. ಮಹಾದೇವಿ ರಸ್ತೆಗೆ ಮುಖ ಮಾಡಿ ಕಟ್ಟೆಯ ಮೇಲೆ ಕೂತಿದ್ದಳು. ಸಮುದ್ರ ಅವಳ ಬೆನ್ನ ಹಿಂದಿತ್ತು. ನನ್ನ ಎದೆ ಉಬ್ಬಿತು. ನನಗಾಗಿ ನೋಡದೆ ಕೂತಿದ್ದೀಯಾ ಎಂದು ಕೇಳಿದೆ. ಇಲ್ಲ, ಮಧ್ಯಾಹ್ನದಿಂದ ನೋಡುತ್ತಲೇ ಇದ್ದೆ, ಎರಡು ಸಲ ನೀರಿಗಿಳಿದೆ, ಹೊಳೆ ಸೇರುವ ಜಾಗವನ್ನೂ ದಿನಕರ ತೋರಿಸಿದ, ಈಗ ಬಸ್ಸು ಬಂತೇ ಎಂದು ನೋಡುತ್ತಿದ್ದೆ ಎಂದಳು. ಅಂಜಿಕೆಯಾಗಲಿಲ್ಲವೇ ಎಂದೆ. ಅವಳು ಸ್ವಲ್ಪ ಯೋಚಿಸಿ, ನೀವು ಮತ್ತೆ ಬೇರೆ ಬಸ್ಸು ಹತ್ತೀರೆಂದೇ ಅಂಜುತ್ತಿದ್ದೆ, ನೀರಿಗೆ ಅಂಜಲು ಪುರಸೊತ್ತೇ ಆಗಲಿಲ್ಲ ಎಂದಳು.

ಮರುದಿನ ಬೆಳಿಗ್ಗೆ ನನ್ನನ್ನು ಸಮುದ್ರಕ್ಕೆ ಕರೆದುಕೊಂಡು ಹೋದವಳು ಅವಳೇ. ಸಮುದ್ರದ ವಿಷಯದಲ್ಲಿ ಈಗ ಅವಳು ನನಗಿಂತ ಹಿರಿಯಳು. ಸೀರೆ ಎತ್ತಿ ಕಟ್ಟಿ ಮುಂದೆ ಮುಂದೆ ನಡೆದಳು. ಮೊಣಕಾಲಿನಷ್ಟು ನೀರಿಗೆ ಬಂದಾಗ ತೆರೆ ಹಿಂದಕ್ಕೆ ಹೋಯಿತು, ನನ್ನ ಕಾಲ ಕೆಳಗಿನ ಉಸುಕೂ ಅದರ ಜೊತೆ ಹೊರಟಿತು. ಕಬಡ್ಡಿಯ ಕಾಲದಲ್ಲಿ ನಾನು ದಂಡೆಯ ಮೇಲೆ ಕೂತಿದ್ದೆನೇ ಹೊರತು ನೀರಿಗೆ ಇಳಿದಿರಲಿಲ್ಲ. ನಾನು ಅವಳ ತೋಳು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಕೊಸರಿಕೊಳ್ಳಲಿಲ್ಲ. ಬೆರಳು ಊರಿ ನಿಲ್ಲಿ, ಏನೂ ಆಗುವುದಿಲ್ಲ ಎಂದು ಹೇಳಿಕೊಟ್ಟಳು.

ಪಕ್ಕದಲ್ಲಿ ಬಲೆ ಎಳೆಯುತ್ತಿದ್ದ ಒಬ್ಬ ಮುದುಕ ನಮ್ಮನ್ನು ನೋಡಿ ನಕ್ಕು, ಇವರು ಸಮುದ್ರ ನೋಡುತ್ತಿರುವುದು ಮೊದಲ ಸಲವೇ ಎಂದು ಅವಳನ್ನು ಕೇಳಿದ.

ಮಹಾದೇವಿ ನನ್ನ ಮುಖ ನೋಡಿದಳು.

"ಹೌದ್ರಿ, ಮೊದಲನೇ ಸಲ. ಸ್ವಲ್ಪ ಅಂಜತಾರ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಂದು ತೆರೆ ಬಂತು. ಬಾಯಿ ಮುಚ್ಚಿಕೊಂಡು, ಅವಳ ತೋಳು ಬಿಡದೆ ನಿಂತೆ.