ಕೀಂ ಎಂದರೆ ಸುಮ್ಮನಿರಿ

ಆಸ್ಪತ್ರೆಯಲ್ಲಿ ಏರುವ ರಕ್ತದೊತ್ತಡ ಮನೆಯಲ್ಲೂ ಏರುತ್ತದೆಯೇ ಎಂದು ಸಂಶೋಧನೆ ನಡೆಸುತ್ತಿದ್ದ ಡಾಕ್ಟರಮ್ಮ, ಬೆಳಗ್ಗೆ ಎದ್ದು ಆಸ್ಪತ್ರೆಗೆ ಬಂದ ಮನೆ ದಲ್ಲಾಳಿಯ ತೋಳಿಗೆ ಒತ್ತಡ ಅಳೆಯುವ ಒಂದು ಪಟ್ಟಿ ಬಿಗಿದರು. ಎಡವಟ್ಟಾದದ್ದೇ ಅಲ್ಲಿ.

"ಸಂಜೇವರೆಗೂ ಇದು ಆಗಾಗ ಕೀಂ ಅನ್ನುತ್ತೆ. ಅಂದ ತಕ್ಷಣ ಕೈ ಇಳಿಬಿಟ್ಟು, ತುಟಿಪಿಟಕ್ಕೆನ್ನದೆ ನಿಲ್ಲಬೇಕು. ಮಾತಾಡಿದ್ರೋ, ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಹಿಂಡುತ್ತೆ."

ದಲ್ಲಾಳಿಯನ್ನು ಊರೆಲ್ಲ ಮಾತಿನ ಮಲ್ಲ ಎಂದೇ ಕರೆಯುತ್ತಿತ್ತು. ಅವನಿಗೆ ಬಾಯಿ ಮುಚ್ಚು ಎನ್ನುವುದೂ ಮೀನಿಗೆ ದಡದ ಮೇಲೆ ಕೂತಿರು ಎನ್ನುವುದೂ ಒಂದೇ.

ಮನೆಗೆ ಬಂದು ತಿಂಡಿಗೆ ಕೂತಾಗ ಹೆಂಡತಿ, "ನಮ್ಮಣ್ಣ ಒಂದು ತಿಂಗಳು ಇಲ್ಲೇ ಇರ್ತೀನಿ ಅಂತಿದ್ದಾನೆ. ಬೇಡ ಅಂತೀರಾ?" ಎಂದಳು.

ಬೇಡ ಎನ್ನಲು ಮಲ್ಲ ಬಾಯಿ ತೆರೆದ. ಕೀಂ! ಪಟ್ಟಿ ಹೆಬ್ಬಾವಿನಂತೆ ತೋಳು ಹಿಂಡಿತು. ತೆರೆದ ಬಾಯಿ ತೆರೆದಂತೆಯೇ ನಿಂತಿತು.

"ಅಬ್ಬಾ, ಮದುವೆಯಾದ ಮೇಲೆ ಇದೇ ಮೊದಲು ನೀವು ಎದುರು ಮಾತಾಡದೇ ಇರೋದು!" ಹೆಂಡತಿ ಅಲ್ಲೇ ಅಣ್ಣನಿಗೆ ಫೋನು ಹಚ್ಚಿದಳು.

ವರ್ಷಗಟ್ಟಲೆ ಬಿಕರಿಯಾಗದ ಮಹಡಿ ಮನೆಯೊಂದಕ್ಕೆ ಅವತ್ತೇ ಗಿರಾಕಿ ಬರಬೇಕೆ? ಕನ್ನಡಕದ ಅಂಗಡಿಯವರು. ಮಾರಿಸಿದರೆ ಉಳಿದ ದಲ್ಲಾಳಿಗಳೆದುರು ಮೀಸೆ ತಿರುವಬಹುದಿತ್ತು. ಅವರನ್ನು ಆ ಮನೆಯೊಳಗೆ ಕರೆದೊಯ್ದು ಗಾಳಿ, ಬೆಳಕು, ನೆರೆಹೊರೆ ಎಂದು ಮಲ್ಲ ಅರಳು ಹುರಿದಂತೆ ಮಾತಾಡುತ್ತಿದ್ದ. ಗಿರಾಕಿ ತಲೆಯೆತ್ತಿ, "ಮಳೆ ಬಂದ್ರೆ ತಾರಸಿ ಸೋರುತ್ತಾ?" ಎಂದರು.

ಕೀಂ!

ಮಲ್ಲ ನೆಟ್ಟ ಕಂಬವಾದ. ಕಣ್ಣಲ್ಲೇ 'ಇಲ್ಲ ಇಲ್ಲ' ಎಂದು ಗೋಗರೆದ. ಬಾಗಿಲಿಗೆ ಒರಗಿ ಇಣುಕುತ್ತಿದ್ದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಲೊಚಗುಟ್ಟಿದರು.

"ಪಾಪ, ಸುಳ್ಳು ಹೇಳೋಕೆ ಮನಸ್ಸು ಬರ್ತಿಲ್ಲ ಅವನಿಗೆ, ಕಣ್ಣಲ್ಲಿ ನೀರೇ ಬಂತು ನೋಡಿ. ಸೋರೋದೇನು ಸ್ವಾಮಿ, ಹೋದ ಮಳೇಲಿ ಇಲ್ಲಿದ್ದೋರು ಕೊಡೆ ಹಿಡ್ಕೊಂಡೇ ಅಡುಗೆ ಮಾಡಿದ್ರು!"

"ರೀ ಮೇಷ್ಟ್ರೇ, ಅದು ಹಳೇ..." ಎಂದು ಮಲ್ಲ ಬಾಯಿಬಿಟ್ಟ. ಲೆಕ್ಕ ತಪ್ಪಿತು. ಕೀಂ! ಪಟ್ಟಿ ಸಡಿಲವಾಗುವಷ್ಟರಲ್ಲಿ ಗಿರಾಕಿ ಬೀದಿಯ ತಿರುವು ದಾಟಿದ್ದರು.

ಸಂಜೆ ಮಲ್ಲ ಪಟ್ಟಿ ಕಿತ್ತು ಡಾಕ್ಟರಮ್ಮನ ಮೇಜಿನ ಮೇಲೆ ಕುಕ್ಕಿದ. ನಾನೂ ಬರ್ತೀನಿ ಎಂದು ಜೊತೆಗೆ ಹೊರಟಿದ್ದ ಹೆಂಡತಿ ಸದ್ದಿಲ್ಲದೆ ರವಿಕೆಯ ತೋಳು ಮೇಲೆತ್ತಿದಳು. ಅಲ್ಲೂ ಒಂದು ಪಟ್ಟಿ!

"ಇದೇನೇ ಇದು?"

"ಹೋದ ವಾರದಿಂದ ನಾನೂ ಈ ಸಂಶೋಧನೆಯಲ್ಲಿದ್ದೀನಿ. ನಂದು ಸದ್ದು ಮಾಡಲ್ಲ, ಅಷ್ಟೇ. ಹೇಳೋಣ ಅಂದ್ರೆ ನೀವು ನನಗೆ ಬಾಯಿ ತೆರೆಯೋಕೆ ಬಿಟ್ರೆ ತಾನೇ?"

ಡಾಕ್ಟರಮ್ಮ ಇಬ್ಬರ ಅಂಕಿಗಳನ್ನೂ ಹೊತ್ತಿಗೆ ಹೊತ್ತು ತಾಳೆ ಹಾಕಿ ನೋಡಿದರು. "ನಿಮ್ಮದು ಇಲ್ಲೂ ಜಾಸ್ತಿ, ಹೊರಗೂ ಜಾಸ್ತಿ. ಮಾತ್ರೆ ಬರೆದುಕೊಡ್ತೀನಿ. ಆದ್ರೆ ನಿಮ್ಮ ಮನೆಯವರದ್ದು ನೋಡಿ! ಯಾವ ಮಾತ್ರೆಗೂ ಬಗ್ಗದೇ ಇದ್ದದ್ದು, ಇವತ್ತು ನೀವು ಮನೇಲಿ ಸುಮ್ಮನಾದಾಗಲೆಲ್ಲ ಸರ್ರನೆ ಇಳಿದಿದೆ."

"ಸಂತೋಷ. ಅವಳಿಗೇನು ಔಷಧಿ?"

ಡಾಕ್ಟರಮ್ಮ ಮೇಜಿನ ಮೇಲಿದ್ದ ಪಟ್ಟಿಯನ್ನು ಎತ್ತಿ ಮತ್ತೆ ಮಲ್ಲನ ತೋಳಿಗೇ ಬಿಗಿದರು.

"ಇದೇ. ಊಟಕ್ಕೆ ಮುಂಚೆ ಒಂದು ಸಲ, ಊಟ ಆದ್ಮೇಲೆ ಒಂದು ಸಲ. ಅವರ ಔಷಧಿ, ನೀವು ತಪ್ಪಿಸಬಾರದು."