ಡನ್‌ಸ್ಟನ್ ಎಂದರೆ ಸಾವಿರ ಸೂರ್ಯ

ಕಡಿಮೆ ಓದಿದವರು ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ಸಿಕ್ಕಿಬೀಳುತ್ತಾರೆ ಎನ್ನುತ್ತಾರೆ. ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟವಳು, ನಿಜ. ಆದರೆ ಸಿಕ್ಕಿಬಿದ್ದದ್ದು ಚೆನ್ನಾಗಿ ಗೊತ್ತಿದ್ದ ವಿಷಯದಲ್ಲಿ. ತಮ್ಮ ಹೇಳಿಕೊಟ್ಟಿದ್ದ, ನಾನು ಬಾಯಿಪಾಠ ಮಾಡಿಕೊಂಡಿದ್ದೆ, ಆಮೇಲೂ ಸುಳ್ಳು ಹೇಳಿದೆ. ಇದನ್ನು ಶಾಲೆಯ ಮೇಲೆ ಹಾಕುವ ಹಾಗಿಲ್ಲ.

ತಮ್ಮ ಬಸು ಅಟ್ಲಾಂಟಾದ ಮಗ್ಗುಲಿನ ಜಾನ್ಸ್ ಕ್ರೀಕ್‌ನಲ್ಲಿ ಎಂಜಿನಿಯರ್. ಅವನ ಹೆಂಡತಿ ಲಾರಾ ನಾರ್ತ್ ಕ್ಯಾರೊಲೈನಾದವಳು. ಕೋವಿಡ್ ಗಲಾಟೆ ತಣ್ಣಗಾದ ಮೇಲೆ ಅವಳ ಬಾಣಂತನಕ್ಕೆಂದು ಬಾಗಲಕೋಟೆಯಿಂದ ಬಂದೆ. ಕರೆದವಳು ಅವಳೇ. ಬಾಣಂತಿಗೆಂದು ನಾನು ಕಟ್ಟಿದ ಅಂಟಿನುಂಡಿಯನ್ನು ತಮ್ಮ ಕಡೆಯ ಗ್ರನೋಲಾ ತಿಂಡಿ ಎಂದು ಕರೆದು, ಬೇಡ ಎನ್ನದೆ ದಿನಾ ತಿಂದಳು. ಅಂಥ ಹುಡುಗಿ. ಕೂಸಿಗೆ ನಮ್ಮ ಅಪ್ಪನ ಹೆಸರು ಇಟ್ಟಾರು ಎಂದು ನನಗೆ ಒಳಗೊಳಗೇ ಆಸೆ ಇತ್ತು. ಆದರೆ ಅವರಿಬ್ಬರೂ ಲಾರಾಳ ಅಜ್ಜನ ಹೆಸರು ನಿಶ್ಚಯಿಸಿದ್ದರು. ತಂದೆ-ತಾಯಿ ಇಲ್ಲದ ಅವಳನ್ನು ಸಾಕಿ ಬೆಳೆಸಿದ್ದು ಆ ಅಜ್ಜನೇ. ಹೆಸರು ಡನ್‌ಸ್ಟನ್. ಸಾವಿರ ವರ್ಷದ ಹಿಂದಿನ ಇಂಗ್ಲಿಷಂತೆ, ಈಗ ಇಂಗ್ಲಿಷರೇ ಮಕ್ಕಳಿಗೆ ಇಡುವುದಿಲ್ಲವಂತೆ. ‘ಡನ್’ ಎಂದರೆ ಮಂಕಾದ ಕಪ್ಪು, ಉಳಿದದ್ದು ಕಲ್ಲು. ಯಾರಾದರೂ ಕೇಳಿದರೆ ಕರಿಕಲ್ಲು ಎಂದೇ ಹೇಳು, ಅಜ್ಜನೂ ಬರುತ್ತಾನೆ, ಅವನೆದುರು ಅವನ ಹೆಸರು ಸಣ್ಣದಾಗಬಾರದು, ಲಾರಾಗೆ ಅದೊಂದೇ ಚಿಂತೆ ಎಂದು ಬಸು ಹತ್ತು ಸಲ ಹೇಳಿದ್ದ.

ನಮ್ಮ ಕಡೆ ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಎಂದು ಲಾರಾ ಕೇಳಿದ್ದಳು, ನನಗೆ ತಿಳಿದಿರಲಿಲ್ಲ. ಈಗ ಅನ್ನಿಸುತ್ತದೆ, ಮುಂದೆ ಮಾಡುವ ತಪ್ಪಿಗೆ ಅದು ಮುಂಗಡ.

ಹೆಸರಿಡುವ ದಿನ ನಾನು ಗುದ್ದು ತಿಂದು ಏಳುತ್ತಿದ್ದಂತೆ ಬೆಂಗಳೂರಿನ ಒಬ್ಬ ಆಂಟಿ ಹೆಸರಿನ ಅರ್ಥ ಕೇಳಿದರು. ಅವರ ರೇಷ್ಮೆ ಸೀರೆ ನೋಡಿದೆ. ಅವರ ಮೊಮ್ಮಕ್ಕಳ ಹೆಸರೆಲ್ಲ ವೇದದಿಂದ ಆರಿಸಿದವು. ಕರಿಕಲ್ಲು ಎನ್ನಲು ಬಾಯಿ ತೆರೆದೆ, ಹೊರಗೆ ಬಂದದ್ದು “ಸಾವಿರ ಸೂರ್ಯರ ತೇಜಸ್ಸು.” ಆಂಟಿಗೆ ರೋಮಾಂಚನವಾಯಿತು. ತಟ್ಟೆ ಹಿಡಿದು ಸೋಫಾದಲ್ಲಿ ಕೂತಿದ್ದ ಲಾರಾಳ ಅಜ್ಜನ ಹತ್ತಿರ ನೆಟ್ಟಗೆ ಹೋಗಿ ಇಂಗ್ಲಿಷಿನಲ್ಲಿ ಅಭಿನಂದಿಸಿದರು. ‘ಥೌಸಂಡ್ ಸನ್ಸ್’ ನನಗೂ ಅರ್ಥವಾಯಿತು. ಬಸು ಕಲ್ಲಾದ. ಲಾರಾ ನನ್ನ ಕಡೆ ನೋಡಿದಳು. ಅಜ್ಜನೂ ನೋಡಿದ, ಬೆವರುತ್ತಿದ್ದ ನನ್ನನ್ನು ಕಂಡ, ತನ್ನ ಬೋಳುತಲೆ ಸವರಿಕೊಂಡು ಏನೋ ಅಂದ. ಎಲ್ಲರೂ ಪ್ರೀತಿಯಿಂದ ನಕ್ಕರು. ಅಜ್ಜ ಅಂದದ್ದನ್ನು ಬಸು ಆಮೇಲೆ ನನಗೆ ಕನ್ನಡದಲ್ಲಿ ಹೇಳಿದ: “ಅಕ್ಕ ಹೇಳಿದ್ದು ಸರಿ ಮ್ಯಾಮ್. ವಯಸ್ಸಾಯಿತು, ಈಗ ಸ್ವಲ್ಪ ಆರಿದ್ದೇನೆ, ಅಷ್ಟೇ.”

ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುವ ನೆಪದಲ್ಲಿ ಅಡಗಿಕೊಂಡೆ. ಲಾರಾ ಬಂದಳು. ಬೈದಿದ್ದರೆ ಹಗುರಾಗುತ್ತಿತ್ತು.

“ಅಕ್ಕಾ, ಕಲ್ಲು ಕೆಟ್ಟದಾ?” ಎಂದು ತನ್ನ ಹರಕು ಕನ್ನಡದಲ್ಲಿ ಕೇಳಿದಳು.

ನಮ್ಮ ಅಪ್ಪ ಕಲ್ಲಪ್ಪ. ಅಜ್ಜಿ ಕರೆವ್ವ. ಇಬ್ಬರನ್ನೂ ಕೂಡಿಸಿದರೆ ಡನ್‌ಸ್ಟನ್. ಊರಲ್ಲಿ ಕೈಮುಗಿಯುವುದು ಎಣ್ಣೆ ಹಚ್ಚಿದ ಕರಿಕಲ್ಲಿಗೆ. ಇಷ್ಟೆಲ್ಲ ಇಟ್ಟುಕೊಂಡು, ಒಂದು ರೇಷ್ಮೆ ಸೀರೆಗೆ ಹೆದರಿ ಇನ್ನೊಬ್ಬರ ಅಜ್ಜನಿಗೆ ನಾಚಿಕೊಂಡಿದ್ದೆ. ಕಲ್ಲು ಒಳ್ಳೆಯದೇ ತಾಯಿ, ಕೆಟ್ಟದ್ದು ನನ್ನ ಬುದ್ಧಿ ಎಂದು ಅವಳ ಕೈ ಹಿಡಿದೆ.

ಬಸುವನ್ನು ಮುಂದೆ ಬಿಟ್ಟುಕೊಂಡು ಅಜ್ಜನಲ್ಲೂ ತಪ್ಪೊಪ್ಪಿಕೊಂಡೆ. ಚಿಕ್ಕಂದಿನಲ್ಲಿ ಅವನ ಶಾಲೆಯ ಹುಡುಗರು ಈ ಹೆಸರನ್ನು ಆಡಿಕೊಂಡಿದ್ದರಂತೆ, ಹೆಂಡತಿ ಬರೀ ‘ಹನಿ’, ಅಂದರೆ ಇಂಗ್ಲಿಷಿನ ಜೇನು, ಎಂದೇ ಕರೆದಳಂತೆ. ಅದನ್ನು ಮೇಲೆತ್ತಲು ಇಷ್ಟು ಕಷ್ಟಪಟ್ಟವಳು ನಾನೊಬ್ಬಳೇ ಅಂತೆ. ಒಂದೇ ಮಾತಿನಲ್ಲಿ ಆ ಮನುಷ್ಯ ನನ್ನನ್ನು ಬಿಟ್ಟುಕೊಡಬಹುದಿತ್ತು. ಭಾಷೆ ಬಾರದ, ಅಂದೇ ಕಂಡ ಹೆಂಗಸಿಗಾಗಿ ತನ್ನ ಹೆಸರಿನ ಅರ್ಥವನ್ನೇ ಬಿಟ್ಟುಕೊಟ್ಟ. ಈಗ ದೇವರಿಗೆ ದೀಪ ಹಚ್ಚುವಾಗ ಅವನ ಆರೋಗ್ಯವನ್ನೂ ಕೇಳಿಕೊಳ್ಳುತ್ತೇನೆ.

ಆಂಟಿಗೆ ನಿಜ ಹೇಳುತ್ತೇನೆಂದು ಲಾರಾಗೆ ಮಾತು ಕೊಟ್ಟಿದ್ದೆ. ಮುಂದಿನ ಭಾನುವಾರ ಅವರು ಕೂಸಿಗೆ ಬಟ್ಟೆ ತಂದಾಗ, ಎಲ್ಲರ ಮುಂದೆ, ಆ ಹೆಸರಿನ ಅರ್ಥ ಕರಿಕಲ್ಲು ಎಂದೆ. ಅವರು ನನ್ನನ್ನು ಮರುಕದಿಂದ ನೋಡಿದರು. ಕಾರಿನವರೆಗೆ ಕಳಿಸಲು ಹೋದ ಬಸು ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದ. “ಎಷ್ಟಾದ್ರೂ ಗಂಡನ ಅಕ್ಕ ಅಲ್ವಾ, ಪಾಪ, ಹೊಟ್ಟೆಉರಿ” ಎಂದರಂತೆ ಆಂಟಿ.

ಹೊಟ್ಟೆಉರಿ ಅಂದರೇನು ಎಂದು ಲಾರಾ ಕೇಳಿದಳು. ಈ ಸಲ ಸರಿಯಾದ ಅರ್ಥವನ್ನೇ ಹೇಳಿದೆ. ಕೂಸಿಗೆ ನಮ್ಮ ಅಪ್ಪನ ಹೆಸರಿನ ಆಸೆ ನನಗಿತ್ತು, ಆಂಟಿಯ ಮಾತು ಪೂರ್ತಿ ಸುಳ್ಳೇನಲ್ಲ ಎಂಬುದನ್ನೂ ಸೇರಿಸಿದೆ.