ಅಳಿಯಂದ್ರ ಹಂಚೇ ತೂತು

ಶನಿವಾರ ಬೆಳಿಗ್ಗೆ ಕಾಫಿ ಲೋಟವನ್ನು ಟಪ್ಪನೆ ಕೆಳಗಿಟ್ಟು ರಂಗನಾಥ ರಾಜಾಜ್ಞೆ ಹೊರಡಿಸಿದ.

"ನಾಳೆ ಭಾನುವಾರ ಸಮುದ್ರದ ಪಾರ್ಕಿನಾಗೆ ಅತ್ತೆಯವರಿಗೆ ನನ್ನ ಕೈಯಾರೆ ಬೆಣ್ಣೆ ದೋಸೆ! ಬೇರೆ ಯಾರೂ ಸೌಟು ಮುಟ್ಟಂಗಿಲ್ಲ!"

ಹೆಂಡತಿ ನೇತ್ರಾವತಿ ಆಗಷ್ಟೇ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿದ್ದಳು. "ಮನ್ಯಾಗೆ ಹಂಚೈತೆ, ಗ್ಯಾಸೈತೆ. ದೋಸೆ ಹುಯ್ಯಾಕೆ ಸಮುದ್ರ ಯಾಕ್ ಬೇಕ್ರಿ?"

"ಲೇ, ಈ ದೇಶಕ್ಕೆ ಬಂದ ಮೇಲೆ ಈ ದೇಶದಂಗೆ ಇರಬೇಕು. ಇಲ್ಲಿ ಭಾನುವಾರ ಗಂಡಸರು ಬಯಲಾಗೆ ಅಡಿಗೆ ಮಾಡ್ತಾರೆ, ಹೆಂಗಸರು ಕುರ್ಚಿ ಹಾಕ್ಕೊಂಡು ಕುಂತಿರ್ತಾರೆ."

"ಸೋಮವಾರದಿಂದ ಶನಿವಾರದ ತನಕ?"

ಆ ಪ್ರಶ್ನೆ ಮಾತ್ರ ರಂಗನಾಥನ ಕಿವಿಗೆ ಬೀಳಲಿಲ್ಲ. ಚನ್ನಗಿರಿ ಕಡೆಯ ನಲ್ಲೂರಿನವನಾದ ಇವನು ಹೊನ್ನಾಳಿಯ ನರ್ಸ್ ಹುಡುಗಿಯನ್ನು ಮದುವೆಯಾಗಿ, ಅವಳ ನೌಕರಿಯ ಬೆನ್ನು ಹಿಡಿದು ಆಸ್ಟ್ರೇಲಿಯಾದ ಗೀಲಾಂಗ್ ಎಂಬ ಕಡಲೂರಿಗೆ ಬಂದು, ಅಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದ. ಬೇಡದ್ದು ಕೇಳಿಸದಂತೆ ಮುಂದೆ ನೋಡಿಕೊಂಡು ಇರುವುದು ಅವನಿಗೆ ನೌಕರಿಯೇ ಕಲಿಸಿದ ವಿದ್ಯೆ.

ಆದರೆ ಈ ದೋಸೆಯ ಆಜ್ಞೆಯ ಹಿಂದೆ ಒಂದು ಹಳೆಯ ನೋವಿತ್ತು. ಅತ್ತೆ ಸಾವಂತ್ರಮ್ಮ ಮಗಳ ಮದುವೆಯಾದಾಗಿನಿಂದ ಇವನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ! ಸಿಟ್ಟಲ್ಲ, ಮರ್ಯಾದೆ. ಅಳಿಯನ ಮುಖ ನೋಡಿ ಮಾತಾಡುವುದು ಅವರ ಕಾಲದ ಪದ್ಧತಿಯಲ್ಲಿ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ಮಗಳಿಗೋ ಮೊಮ್ಮಗಳು ಅರ್ಪಿತಾಗೋ ಹೇಳುವರು. ಅಲ್ಲಿಂದ ಅದು ಅಳಿಯನಿಗೆ ತಲುಪಬೇಕು. ಇಬ್ಬರೂ ಇಲ್ಲದಾಗ ಫ್ರಿಜ್ಜಿನ ಕಡೆ ತಿರುಗಿ, "ಸಾರು ಬೇಕಾಗಿತ್ತೇನೋ" ಎನ್ನುವರು. ರಂಗನಾಥ ಅದೇ ಫ್ರಿಜ್ಜಿಗೆ, "ಸಾಕು" ಎಂದು ಉತ್ತರಿಸುವನು. ಮಗಳ ಮನೆ ನೋಡಲು ಬಂದಿದ್ದ ಅತ್ತೆ ಊರಿಗೆ ಹೊರಡುವ ದಿನ ಹತ್ತಿರ ಬಂದಿತ್ತು. ಅಷ್ಟರೊಳಗೆ ಒಮ್ಮೆಯಾದರೂ ಅವರ ಬಾಯಿಂದ, "ಅಳಿಯಂದ್ರೇ, ದೋಸೆ ಚಲೋ ಐತೆ" ಎಂದು ನೇರವಾಗಿ ಕೇಳಬೇಕು. ಇಷ್ಟೇ ಬಡಪಾಯಿಯ ಆಸೆ!

ಅಕ್ಕಿ, ಉದ್ದು, ಮಂಡಕ್ಕಿ ನೆನೆಸಿ, ರುಬ್ಬಿ, ರಂಗನಾಥ ಒಂದು ಬಕೆಟ್ ಹಿಟ್ಟು ತಯಾರಿಸಿದ. ಜಗಳೂರಿನ ಗೆಳೆಯ ತಿಪ್ಪೇಶಪ್ಪನಿಗೂ, ನ್ಯಾಮತಿಯವಳಾದ ಅವನ ಹೆಂಡತಿ ಪುಷ್ಪಾಗೂ ಫೋನಿನಲ್ಲಿ ಕರೆ ಹೋಯಿತು. "ಬರ್ರಿ ಬರ್ರಿ, ದಾವಣಗೆರೆನೇ ಇಲ್ಲಿಗೆ ಇಳಿಸ್ತೀನಿ!"

ಜನವರಿ ಎಂದರೆ ಅಲ್ಲಿ ನಡುಬೇಸಿಗೆ. ಕಾರಿನ ಡಿಕ್ಕಿಯಲ್ಲಿ, ಬಿಗಿಯಾಗಿ ಮುಚ್ಚಳ ಹಾಕಿಸಿಕೊಂಡು ಕುಳಿತ ಹಿಟ್ಟಿಗೆ ಸೆಕೆ ತಡೆಯಲಾಗಲಿಲ್ಲ. ಅರ್ಧ ದಾರಿಯಲ್ಲಿ 'ಡಬ್!' ಎಂದು ಸದ್ದಾಯಿತು.

"ಅಪ್ಪಾ, ಹಿಟ್ಟು ಎದ್ದು ಬರ್ತೈತೆ!" ಎಂದು ಅರ್ಪಿತಾ ಹಿಂದೆ ತಿರುಗಿ ಕಿರುಚಿದಳು.

ಸಾವಂತ್ರಮ್ಮ ಮೊಮ್ಮಗಳಿಗೆ ಮೆಲ್ಲಗೆ ಹೇಳಿದರು: "ನಿಮ್ಮಪ್ಪಾಜಿನ ಕೇಳು ಪುಟ್ಟಿ, ಹಿಟ್ಟಿಗೂ ಬೆಲ್ಟ್ ಹಾಕ್ಬೇಕಿತ್ತೇನೋ ಅಂತ."

"ಅಪ್ಪಾ, ಅಜ್ಜಿ ಕೇಳ್ತೈತೆ..."

"ಕೇಳಿಸ್ತಮ್ಮಾ!"

ಉಕ್ಕಿದ್ದು ಉಕ್ಕಿ, ಮುಕ್ಕಾಲು ಬಕೆಟ್ ಹಿಟ್ಟು ಪಾರ್ಕು ಮುಟ್ಟಿತು. ಅಲ್ಲಿ ಮರದ ನೆರಳಿನಲ್ಲಿ ಕಟ್ಟೆ ಕಟ್ಟಿ, ಅದರ ಮೇಲೆ ಫಳಫಳ ಹೊಳೆಯುವ ಸ್ಟೀಲ್ ಹಂಚು ಕೂರಿಸಿದ್ದರು. ಗುಂಡಿ ಒತ್ತಿದರೆ ಕಾಯುತ್ತದೆ. ಯಾರು ಬೇಕಾದರೂ ಬಂದು ಪುಕ್ಕಟೆ ಅಡುಗೆ ಮಾಡಿಕೊಳ್ಳಬಹುದು. ದಾವಣಗೆರೆಯ ಹೋಟೆಲುಗಳಲ್ಲೂ ಇಂಥ ಅಗಲದ ಹಂಚಿಲ್ಲ! ರಂಗನಾಥ ತೋಳು ಮಡಿಸಿದ.

"ಪುಟ್ಟಿ," ಎಂದರು ಸಾವಂತ್ರಮ್ಮ, "ಆ ಹಂಚಿನ ಮ್ಯಾಲೆ ನಮಗಿಂತ ಮುಂಚೆ ಯಾರ್ ಏನ್ ಸುಟ್ಟಿದ್ರು ಕೇಳು."

ಯಾರು ಏನೆಲ್ಲ ಸುಟ್ಟಿದ್ದರೆಂಬುದು ರಂಗನಾಥನಿಗೆ ಗೊತ್ತಿತ್ತು. ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಸೋಪು ಹಾಕಿ ಉಜ್ಜಿದ. ನಿಂಬೆಹಣ್ಣು ಹಾಕಿ ಉಜ್ಜಿದ. ಮುಖದ ಬೆವರೂ ಬಿದ್ದು ಇನ್ನೊಂದು ಸುತ್ತು ತೊಳೆದಂತಾಯಿತು. ಕೊನೆಗೆ ಸಾವಂತ್ರಮ್ಮನೇ ಎದ್ದು ಬಂದು, ಚೀಲದಿಂದ ವಿಭೂತಿ ತೆಗೆದು, "ಓಂ ನಮಃ ಶಿವಾಯ" ಎಂದು ಹಂಚಿನ ಅಂಚಿಗೆ ಮೂರು ಬೆರಳು ಎಳೆದರು. ಹಂಚಿಗೆ ದೀಕ್ಷೆಯಾಯಿತು!

ಹಿಂದೆ ಸಾಸೇಜಿನ ಪೊಟ್ಟಣ ಹಿಡಿದು, ದೊಡ್ಡ ನಾಯಿಯೊಂದನ್ನು ಕರೆದುಕೊಂಡು ಸರದಿಗೆ ಕಾಯುತ್ತಿದ್ದ ಬಿಳಿಯ ಹಿರಿಯರೊಬ್ಬರು ಟೊಪ್ಪಿಗೆ ತೆಗೆದು ಗೌರವದಿಂದ ನಿಂತರು.

ಆದರೂ ಅತ್ತೆಗೆ ಸಮಾಧಾನವಿಲ್ಲ ಎಂದು ಅವರ ಹುಬ್ಬು ಹೇಳುತ್ತಿತ್ತು. ರಂಗನಾಥ ಹಂಚಿನ ತುಂಬ ಫಾಯಿಲ್ ಹಾಳೆ ಹಾಸಿದ. ಹಂಚಿನ ನಡುಮಧ್ಯೆ ಮುಷ್ಟಿಗಾತ್ರದ ಒಂದು ತೂತಿತ್ತು. ಮಾಂಸದ ಕೊಬ್ಬು ಕರಗಿ ಕೆಳಗಿನ ಡಬ್ಬಕ್ಕೆ ಇಳಿಯಲೆಂದು ಮಾಡಿದ್ದು. ಇಡೀ ಹಂಚೂ ಅದಕ್ಕಾಗಿಯೇ ತೂತಿನ ಕಡೆ ಇಳಿಜಾರಾಗಿತ್ತು. 'ತೊಳೆದ ನೀರು ಹೋಗಾಕೆ ಎಷ್ಟು ಚೆಂದ ಮಾಡ್ಯಾರೆ!' ಎಂದು ಮೆಚ್ಚಿಕೊಂಡೇ ನಮ್ಮ ಪಂಡಿತ ಅದರ ಮೇಲೆ ಫಾಯಿಲ್ ಮುಚ್ಚಿದ್ದು.

"ಮೊದಲನೇ ದೋಸೆ ಅತ್ತೆಯವರಿಗೆ!" ಎಂದು ಸೌಟು ಎತ್ತಿ, ಚುಯ್ಯೆಂದು ಹಿಟ್ಟು ಹುಯ್ದ. ಹಿಟ್ಟು ದೋಸೆಯಾಗಲು ಒಪ್ಪಲಿಲ್ಲ. ಅತ್ತ ಸವರಿದರೆ ಇತ್ತ ಜಾರಿತು, ಇತ್ತ ಸವರಿದರೆ ನಡುವಿಗೆ ಓಡಿತು. ರಂಗನಾಥ ಹಟ ಹಿಡಿದು ಇನ್ನೊಂದು ಸೌಟು ಹುಯ್ದ. ಹಿಟ್ಟು ಅದಕ್ಕಿಂತ ಹಟಮಾರಿ. ನಡುವೆ ಫಾಯಿಲ್ ತಗ್ಗಿ, ಅದರಲ್ಲಿ ಬಿಳಿಯದೊಂದು ಕೆರೆ ನಿಂತಿತು.

"ರಂಗಣ್ಣ, ಇದು ದೋಸೇನೋ ಇಡ್ಲೀನೋ?" ಎಂದ ತಿಪ್ಪೇಶಪ್ಪ.

"ಬೆಣ್ಣೆ ಬಿದ್ರೆ ತಾನೇ ಏಳ್ತೈತೆ, ಸುಮ್ನಿರಪ್ಪಾ!"

ಬೆಣ್ಣೆಯ ಇಡೀ ಗಟ್ಟಿ ಕೆರೆಗೆ ಬಿತ್ತು. ಸಟ್ಟುಗ ತೂರಿಸಿ ಒಂದು ಬಲವಾದ ಮೀಟು ಹಾಕಿದ. ಫಾಯಿಲ್ ಚರ್ರನೆ ಹರಿಯಿತು. 'ಗುಳುಂ!' ಹಿಟ್ಟು, ಬೆಣ್ಣೆ, ಅಳಿಯನ ಆಸೆ ಮೂರೂ ಒಟ್ಟಿಗೆ ತೂತಿನೊಳಗೆ ಇಳಿದವು.

ತಿಪ್ಪೇಶಪ್ಪ ಹೊಟ್ಟೆ ಹಿಡಿದುಕೊಂಡು ಕುಸಿದ. "ಎಲ್ಲರ ಮನೆ ದೋಸೆ ತೂತು ಅಂತಾರೆ. ನಿನ್ ಹಂಚೇ ತೂತಲ್ಲೋ ಮಾರಾಯ!"

ನಗುವುದಕ್ಕೂ ಪುರಸೊತ್ತು ಸಿಗಲಿಲ್ಲ. ಕೆಳಗಿನ ಡಬ್ಬ ತುಂಬಿ ಕರಗಿದ ಬೆಣ್ಣೆ ಕಟ್ಟೆಯಿಂದ ತೊಟ್ಟಿಕ್ಕತೊಡಗಿತು. ಬಿಳಿಯ ಹಿರಿಯರ ನಾಯಿ ಹಗ್ಗ ಬಿಡಿಸಿಕೊಂಡು ಬಂದು ಅದಕ್ಕೆ ನಾಲಿಗೆ ಹಚ್ಚಿತು. ಅದನ್ನು ಓಡಿಸಲು ರಂಗನಾಥ ಸೌಟು ಬೀಸಿದ. ಸೌಟಿನ ಹಿಟ್ಟು ಹಾರಿ ಹುಲ್ಲಿನ ಮೇಲೆ ಬಿತ್ತು. ಅಷ್ಟು ಸಾಕಾಯಿತು! ಎಲ್ಲಿದ್ದವೋ ಏನೋ, ಕಡಲ ಹಕ್ಕಿಗಳು ಹಿಂಡು ಹಿಂಡಾಗಿ ಇಳಿದವು. ಒಂದು ಆಲೂಗಡ್ಡೆ ಪಲ್ಯಕ್ಕೆ ಕೊಕ್ಕು ಹಾಕಿತು, ಇನ್ನೊಂದು ಚಟ್ನಿಯ ಡಬ್ಬಿಯಲ್ಲೇ ಕಾಲಿಟ್ಟು ನಿಂತಿತು. ಚಟ್ನಿ ತಿಂದದ್ದು ಮಾತ್ರ ಕೀಚ್ ಎಂದು ಕೂಗಿ ನೀರಿನ ಕಡೆ ಓಡಿತು. ಬ್ಯಾಡಗಿ ಮೆಣಸಿನಕಾಯಿ ಎಂದರೆ ಸುಮ್ಮನೆಯೇ?

"ರೀ, ಬಕೆಟ್ಟು!" ಎಂದು ನೇತ್ರಾ ಕೂಗುವಷ್ಟರಲ್ಲಿ, ಹಿಂದೆ ಹಿಂದೆ ಸರಿಯುತ್ತಿದ್ದ ರಂಗನಾಥನ ಕಾಲು ಬಕೆಟ್ಟಿನೊಳಗಿತ್ತು. ಮೊಣಕಾಲಿನವರೆಗೆ ಹುದುಗು ಹಿಟ್ಟು!

"ಪುಟ್ಟಿ," ಎಂದರು ಸಾವಂತ್ರಮ್ಮ, ಕುರ್ಚಿ ಬಿಟ್ಟು ಅಲ್ಲಾಡದೆ, "ಸೌಟು ಕೆಳಗಿಡಾಕೆ ಹೇಳು ನಿಮ್ಮಪ್ಪಾಜಿಗೆ. ಹಕ್ಕಿ ಹೆದರ್ತಾವೆ."

ನೇತ್ರಾ ನಿಟ್ಟುಸಿರು ಬಿಟ್ಟು ಕಾರಿನಿಂದ ಒಂದು ಚೀಲ ತಂದಳು. ಅದರಲ್ಲಿ ಮಂಡಕ್ಕಿ, ಪುಟಾಣಿ ಹಿಟ್ಟು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಒಂದು ಸೀಸೆ ಒಗ್ಗರಣೆ.

"ಇದನ್ಯಾವಾಗ ಇಟ್ಕಂಡಿದ್ದೆ?" ಎಂದ ರಂಗನಾಥ, ಬಕೆಟ್ಟಿನೊಳಗಿಂದಲೇ.

"ನೀವು ಯಾರೂ ಸೌಟು ಮುಟ್ಟಂಗಿಲ್ಲ ಅಂದ್ರಲ್ಲ, ಆಗಲೇ."

ಪುಷ್ಪಾ ಮಂಡಕ್ಕಿ ಕಲಸಿದಳು. ಬಿಳಿಯ ಹಿರಿಯರೂ ಒಂದು ತಟ್ಟೆ ತೆಗೆದುಕೊಂಡು, ಮೆಣಸಿನಕಾಯಿ ಕಚ್ಚಿ, ಕಣ್ಣೀರು ಒರೆಸಿಕೊಂಡು, ಮತ್ತೆ ತಟ್ಟೆ ಚಾಚಿದರು. ಎಲ್ಲರೂ ನಕ್ಕು ನಕ್ಕು ತಿಂದರು. ರಂಗನಾಥ ಮಾತ್ರ ತಟ್ಟೆಯ ಮಂಡಕ್ಕಿ ಕೆದಕುತ್ತ ಕುಳಿತ. ಒಂದು ಮಾತು ಕೇಳುವ ಆಸೆ ಡಬ್ಬದ ಪಾಲಾಯಿತಲ್ಲ ಎಂದು ಅವನಿಗೆ ನಿಜಕ್ಕೂ ದುಃಖವಾಗಿತ್ತು.

ವಾಪಸ್ಸು ಬರುವಾಗ ಕಾರಿನ ತುಂಬ ಹುಳಿ ವಾಸನೆ. ಸಾವಂತ್ರಮ್ಮ ಹಿಂದಿನ ಸೀಟಿನಿಂದ ಹೊನ್ನಾಳಿಯ ತಂಗಿ ಕಸ್ತೂರಮ್ಮನಿಗೆ ಫೋನು ಹಚ್ಚಿದರು.

"ಹ್ಞೂಂ ಕಣೇ, ಚಲೋ ಆತು. ಅಳಿಯಂದ್ರು ಸಮುದ್ರದ ದಂಡ್ಯಾಗೆ ದಾಸೋಹ ಮಾಡಿದ್ರು! ನಾಯಿ ಉಂಡ್ತು, ಹಕ್ಕಿ ಉಂಡ್ವು, ಭೂಮ್ತಾಯಿನೂ ಬೆಣ್ಣೆ ಉಂಡ್ಲು. ನಾವು? ನಮಗೆ ಮಂಡಕ್ಕಿ. ಇಲ್ಲ ಕಣೇ, ಸುಳ್ಳಲ್ಲ. ನಾನು ಇಷ್ಟು ನಕ್ಕಿದ್ದು ಯಾವ ಕಾಲಕ್ಕೋ ಏನೋ. ಇಂಥ ಅಳಿಯ ಸಿಗಾಕೆ ಪುಣ್ಯ ಮಾಡಿರ್ಬೇಕು ಬಿಡು."

ಫೋನು ಇಟ್ಟು ಸಾವಂತ್ರಮ್ಮ ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರೇ..."

ರಂಗನಾಥ ಥಟ್ಟನೆ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ. ಪಕ್ಕದಲ್ಲಿ ಫ್ರಿಜ್ಜಿರಲಿಲ್ಲ! ಅರ್ಪಿತಾ ನಿದ್ದೆ ಹೋಗಿದ್ದಳು. ಆ ಮಾತು ಅವನಿಗೇ!

"ಹೇಳ್ರಿ ಅತ್ತೆ!"

"ಬರೋ ಭಾನುವಾರ ನಿಮಗೆ ಬಸ್ಸಿನ ಡ್ಯೂಟಿ ಐತೇನ್ರಿ?"

"ಇಲ್ಲ ಅತ್ತೆ! ನಿಮಗೋಸ್ಕರ ರಜಾ ಹಾಕೀನಿ!"

"ಹಂಗಾದ್ರೆ ಡ್ಯೂಟಿ ಕೇಳಿ ಹಾಕಿಸ್ಕಂಡ್ಬಿಡ್ರಿ."

ನೇತ್ರಾ ಕಿಟಕಿಗೆ ಮುಖ ತಿರುಗಿಸಿಕೊಂಡು ನಗು ನುಂಗಲು ಒದ್ದಾಡುತ್ತಿದ್ದಳು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಮೊಣಕಾಲವರೆಗೆ ಹಿಟ್ಟು ಒಣಗಿದ ರಂಗನಾಥ ಅವಳ ಕಿವಿಯ ಹತ್ತಿರ ಬಾಗಿದ.

"ಕೇಳಿಸ್ಕಂಡ್ಯೇನೇ? ನನ್ನ ಜೊತೀಗೇ ಮಾತಾಡಿದ್ರು!"